ಮುಖದ ಮೇಲಣ ಬಂಗು

ಕಳೆದ ತಿಂಗಳು ಓರ್ವ ಸೋದರಿಯು ನಮಗೆ ಬರೆದ ಕಾಗದವು ಈ ಬಾರಿಯ ಲೇಖನಕ್ಕೆ ಕಾರಣವಾಗಿದೆ. ಅವರ ಮಗಳಿಗೆ ಇಪ್ಪತ್ತಾರು ವರ್ಷ. ಮಾಘಮಾಸದಲ್ಲಿ ಲಗ್ನವು ನಿಶ್ಚಯವಾಗಿದೆ. ಹುಡುಗಿಯ ಎರಡು ಕೆನ್ನೆಗಳ ಮೇಲೂ ಮೇಲ್ದುಟಿಯ ಮೇಲೂ ಒಂದು ವರ್ಷದಿಂದ ಕಂದುಬಣ್ಣದ ಕಲೆ ಹರಡಿಕೊಂಡಿದೆ. ನೆರೆಮನೆಯವರು ಒಂದು ಲೇಪದ ಟ್ಯೂಬನ್ನು ತಂದುಕೊಟ್ಟು, ಎಂಟು ದಿನಗಳಲ್ಲಿ ಮುಖವು ತಿಳಿಯಾಗುವುದೆಂದು ಭರವಸೆ ಕೊಟ್ಟಿರುವರಂತೆ. “ಹಚ್ಚಬಹುದೇ, ಹಚ್ಚಬಾರದೇ? ಮನೆಯಲ್ಲಿ ಎಲ್ಲರೂ ಹಚ್ಚೆನ್ನುತ್ತಾರೆ, ನನಗೇಕೋ ಅಂಜಿಕೆ” ಎಂದು ಬರೆದು, ಆ ಟ್ಯೂಬಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದ ಔಷಧಗಳ ಹೆಸರುಗಳನ್ನೂ ಆ ತಾಯಿಯು ಜಾಗರೂಕತೆಯಿಂದ ಪ್ರತಿಮಾಡಿ ಕಳುಹಿಸಿರುವರು. ಅವರ ಅಂಜಿಕೆಯು ಯುಕ್ತವಾದುದೆಂದು ಮೊದಲೇ ಹೇಳಿಬಿಡುವೆವು. ಏಕೆ ಯುಕ್ತವೆಂಬುದನ್ನು ತಿಳಿಸಲು ಮಾತ್ರ ಸ್ವಲ್ಪ ಸಾವಕಾಶ ಬೇಕು; ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನೂ, ಸಂಕೋಚವಾದರೂ, ಹೇಳಬೇಕಾಗಿದೆ.

ಬಂಗು ಎಂಬ ಮಾತನ್ನು ಕೇಳದ ಗೃಹಿಣಿಯು ನಮ್ಮ ನಾಡಿನಲ್ಲಿ ಇರಲಾರಳು. ಸಂಸ್ಕೃತದಲ್ಲಿ ಇದಕ್ಕೆ ವ್ಯಂಗವೆಂದು ಹೆಸರು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳೆಂಬ ಚಿಕ್ಕ ಬೇನೆಗಳನ್ನು ಎಣಿಸುವಾಗ ಇದನ್ನೂ ಹೇಳಿದೆ. ಕ್ರೋಧದಿಂದಲೂ ಆಯಾಸದಿಂದಲೂ ಕೆರಳಿದ ವಾಯುವು ಪಿತ್ತದೊಡನೆ ಕೂಡಿ ಮುಖಕ್ಕೆ ಬಂದು, ನೋವಿಲ್ಲದ, ತೆಳುವಾದ, ಕಪ್ಪುಛಾಯೆಯ ಮಂಡಲವನ್ನು ಉಂಟುಮಾಡುವುದೆಂದು ಅದರ ಅಭಿಪ್ರಾಯ. ಕಾರಣದ ಮಾತು ಹಾಗಿರಲಿ, ಲಕ್ಷಣವನ್ನು ಹೇಳಿರುವ ಬಗೆಯನ್ನು ನೋಡಿರಿ: ನೋವಿಲ್ಲ, ದಪ್ಪವಿಲ್ಲ, ಬಣ್ಣ ಮಾತ್ರ ಬೇರೆ. ಇಂದಿನ ವೈದ್ಯರು ಮೆಲಾಸ್ಮಾ ಎಂದು ಕರೆಯುವ ಕಲೆಯ ವರ್ಣನೆಯೂ ಇದೇ ಆಗಿದೆ. ಅದೇ ಗ್ರಂಥದ ಶಾರೀರಸ್ಥಾನದಲ್ಲಿ ಚರ್ಮಕ್ಕೆ ಏಳು ಪದರಗಳನ್ನು ಹೇಳಿ, ಸಿಧ್ಮಕ್ಕೆ ಎಲ್ಲಕ್ಕಿಂತ ಹೊರಗಿನ ಪದರವನ್ನೂ, ವ್ಯಂಗಕ್ಕೆ ಅದರ ಕೆಳಗಣದನ್ನೂ ಆಶ್ರಯವೆಂದು ಹೇಳಿದೆ. ಸಿಧ್ಮವನ್ನು ನಮ್ಮ ಚಿಬ್ಬು ಎಂದು ಹಲವರು ಗುರುತಿಸುವರು. ಚಿಬ್ಬು ಚರ್ಮದ ಹೊರ ಸಿಪ್ಪೆಯಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟಿನಿಂದ ಬರುವುದು. ಬಂಗಿನ ಬಣ್ಣವಾದರೋ ಸಾಮಾನ್ಯವಾಗಿ ಅದಕ್ಕಿಂತ ಆಳದಲ್ಲಿರುವುದು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಇಷ್ಟನ್ನು ಊಹಿಸಿದವರ ಬುದ್ಧಿಗೆ ನಾವು ಈಗಲೂ ತಲೆಬಾಗುವೆವು. ಆದರೆ ಈ ಗೌರವವೇ ಒಮ್ಮೆ ನಮ್ಮನ್ನು ದಾರಿತಪ್ಪಿಸಿತೆಂಬುದನ್ನು ಮುಂದೆ ಹೇಳುವೆವು.

ಚರ್ಮಕ್ಕೆ ಬಣ್ಣ ಬರುವುದು ಮೆಲನಿನ್ ಎಂಬ ಕಪ್ಪು ದ್ರವ್ಯದಿಂದ. ಹೊರಚರ್ಮದ ತಳದಲ್ಲಿ ಇದನ್ನು ತಯಾರಿಸುವ ವಿಶೇಷ ಕಣಗಳಿವೆ. ಕಪ್ಪಗಿರುವವರಲ್ಲಿಯೂ ಬೆಳ್ಳಗಿರುವವರಲ್ಲಿಯೂ ಈ ಕಣಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ಮಾಡುವ ಬಣ್ಣದ ಮೊತ್ತದಲ್ಲಿ ಮಾತ್ರ ಭೇದವುಂಟು. ತಯಾರಾದ ಬಣ್ಣವನ್ನು ಅವು ಸುತ್ತಲಿನ ಕಣಗಳಿಗೆ ಹಂಚುವುವು. ಅಲ್ಲಿ ಅದು ಪ್ರತಿಯೊಂದು ಕಣದ ತಿರುಳಿನ ಮೇಲೆ, ಬಿಸಿಲು ಬೀಳುವ ಕಡೆಗೆ, ಕೊಡೆ ಬಿಚ್ಚಿದಂತೆ ಕವಿದು ನಿಲ್ಲುವುದು. ಕಪ್ಪು ಎಂಬುದು ಕೊಳೆಯಲ್ಲ, ಕಾವಲು. ಬಿಸಿಲಿನಿಂದಾಗಲಿ, ಗಾಯದಿಂದಾಗಲಿ, ಉರಿಯಿಂದಾಗಲಿ ತನಗೆ ಅಪಾಯವಿದೆಯೆಂದು ಚರ್ಮವು ತಿಳಿದೊಡನೆ ಕಾವಲನ್ನು ಹೆಚ್ಚಿಸುವುದು. ಬಂಗಿನಲ್ಲಿ ಈ ಕಣಗಳು ಅಲ್ಪ ಕಾರಣಕ್ಕೂ ಕೆರಳುವ ಸ್ವಭಾವವನ್ನು ಪಡೆದಿರುತ್ತವೆ. ವಂಶದ ಒಲವು, ಬಿಸಿಲು, ಗರ್ಭಿಣಿಯ ಮೈಯಲ್ಲಿ ಹೆಚ್ಚುವ ಸ್ತ್ರೀರಸಗಳು, ಸಂತಾನನಿರೋಧದ ಕೆಲವು ಗುಳಿಗೆಗಳು, ಇವು ಅದರ ಮುಖ್ಯ ಕಾರಣಗಳು. ಗಂಡಸರಿಗೂ ಬರುವುದುಂಟು, ಅವರು ಕನ್ನಡಿಯನ್ನು ಅಷ್ಟಾಗಿ ನೋಡುವುದಿಲ್ಲ, ನೋಡಿದರೂ ಅವರನ್ನು ಯಾರೂ ಕೇಳುವುದಿಲ್ಲ.

ಈಗ ನಮ್ಮ ಮನೆಯ ಸಂಗತಿ. ಮೂರು ವರ್ಷಗಳ ಹಿಂದೆ ನಮ್ಮ ಮಗಳು ಚೊಚ್ಚಲ ಹೆರಿಗೆಗೆಂದು ಏಳನೆಯ ತಿಂಗಳಲ್ಲಿ ತವರಿಗೆ ಬಂದಳು. ಕೆನ್ನೆಯ ಮೇಲೆ ಎರಡು ಕಡೆಯೂ ಬಂಗು ಮೂಡಿತ್ತು. ಗರ್ಭಿಣಿಯರಲ್ಲಿ ಇದು ತೀರ ಸಾಮಾನ್ಯ. ಹೊಕ್ಕುಳಿನಿಂದ ಕೆಳಗೆ ಒಂದು ಕಪ್ಪುಗೆರೆ ಮೂಡುವುದೂ ಹಾಗೆಯೇ. ಎಷ್ಟೋ ಜನರಲ್ಲಿ ಹೆರಿಗೆಯಾದ ಕೆಲವು ತಿಂಗಳಲ್ಲಿ ಅದು ತಾನಾಗಿಯೇ ಮಾಸುವುದು. ನಾವು ಸುಮ್ಮನಿದ್ದಿದ್ದರೆ ಸಾಕಾಗಿತ್ತು. ಆದರೆ ಮೂವತ್ತು ವರ್ಷ ಪಾಠ ಹೇಳಿದ ನಾಲಗೆಯು ಸುಮ್ಮನಿರುವುದೆಂತು? ಕ್ರೋಧವೂ ಆಯಾಸವೂ ಇದಕ್ಕೆ ಮೂಲವಾದುದರಿಂದ ಮನಸ್ಸನ್ನು ಶಾಂತವಾಗಿಟ್ಟುಕೊಳ್ಳಬೇಕೆಂದು ಮಗಳಿಗೆ ಸಂಹಿತೆಯ ಶ್ಲೋಕದ ಅರ್ಥವನ್ನು ವಿವರಿಸಿದೆವು. “ಅಪ್ಪಾ, ನೀವು ದಿನಕ್ಕೆ ಮೂರು ಸಲ ಅದನ್ನೇ ಹೇಳುವುದರಿಂದಲೇ ನನಗೆ ಕೋಪ ಬರುತ್ತಿದೆ” ಎಂದಳು. ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಪಿತ್ತಕ್ಕೆ ನಿಂಬೆಯ ರಸ ಒಳ್ಳೆಯದು, ಎಳೆಬಿಸಿಲು ಮೈಗೆ ಹಿತವೆಂದು ನಮಗೆ ನಾವೇ ನಿರ್ಣಯ ಮಾಡಿಕೊಂಡು, ನಿಂಬೆರಸದಲ್ಲಿ ಅರಿಸಿನವನ್ನು ಕಲಸಿ ಮುಖಕ್ಕೆ ಹಚ್ಚಿಸಿ, ಅಂಗಳದಲ್ಲಿ ಮಣೆ ಹಾಕಿ ಅವಳನ್ನು ಕೂರಿಸಿದೆವು. ಎಳೆಬಿಸಿಲೆಂದು ಹೆಸರೇ ಹೊರತು ಗಂಟೆ ಒಂಬತ್ತೂವರೆ ಆಗಿತ್ತು.

ಮೂರನೆಯ ದಿನ ಕೆನ್ನೆ ಕೆಂಪೇರಿ ಉರಿಯತೊಡಗಿತು. ಸಣ್ಣ ನೀರುಗುಳ್ಳೆಗಳು ಎದ್ದವು. ಗುಳ್ಳೆ ಆರಿದ ತರುವಾಯ ಬಂಗು ಇನ್ನೂ ಗಾಢವಾಯಿತು. ಅಲ್ಲದೆ ರಸವು ಕೆನ್ನೆಯಿಂದ ದವಡೆಗೆ ಇಳಿದ ದಾರಿಯಲ್ಲೆಲ್ಲ ಕಂದುಗೆರೆಗಳು ಬರೆ ಎಳೆದಂತೆ ಉಳಿದವು. ನಿಂಬೆಯಲ್ಲಿ, ಮುಖ್ಯವಾಗಿ ಅದರ ಸಿಪ್ಪೆಯಲ್ಲಿ, ಬಿಸಿಲು ತಾಗಿದೊಡನೆ ಚರ್ಮವನ್ನು ಸುಡುವಂತಹ ದ್ರವ್ಯಗಳಿರುವುವೆಂದು ಆ ಮೇಲೆ ತಿಳಿಯಿತು. ಪಾನಕ ಮಾಡಿದ ಕೈಯನ್ನು ತೊಳೆಯದೆ ಬಿಸಿಲಿಗೆ ಹೋದವರ ಬೆರಳುಗಳ ಮೇಲೂ ಇಂತಹ ಕಲೆ ಬೀಳುವುದುಂಟು. ಸುಶ್ರುತನು ನಿಂಬೆರಸ ಹಚ್ಚಿಕೊಂಡು ಬಿಸಿಲಿನಲ್ಲಿ ಕೂರೆಂದು ಎಲ್ಲಿಯೂ ಹೇಳಿಲ್ಲ. ಅದು ಶುದ್ಧವಾಗಿ ನಮ್ಮದೇ ಭಾಷ್ಯ.

ಇದರ ಫಲವನ್ನು ಅನುಭವಿಸಿದವಳು ಅವಳು. ನಾಮಕರಣದ ದಿನ ಬಂದ ಬಂಧುಗಳಲ್ಲಿ ಒಬ್ಬಾಕೆ ತೊಟ್ಟಿಲಿನ ಮುಂದೆಯೇ “ಮಗು ಲಕ್ಷಣವಾಗಿದೆ, ತಾಯಿಯ ಮುಖವೇ ಕೆಟ್ಟುಹೋಯಿತು” ಎಂದರು. ಮಗಳು ನಕ್ಕಳು. ಆ ದಿನ ತೆಗೆದ ಚಿತ್ರಗಳಲ್ಲಿ ಒಂದರಲ್ಲಿಯೂ ಅವಳ ಮುಖವು ಪೂರ್ಣವಾಗಿಲ್ಲ. ಎಲ್ಲದರಲ್ಲಿಯೂ ಮಗುವಿನ ಮೇಲೆ ಬಾಗಿದ್ದಾಳೆ. ಗಂಡನ ಮನೆಗೆ ಹೊರಡುವ ಕಾಲ ಸಮೀಪಿಸಿತು. ನಮಗೆ ತಿಳಿಸದೆ ಅವಳು ಔಷಧದಂಗಡಿಯಿಂದ, ವೈದ್ಯರ ಚೀಟಿಯಿಲ್ಲದೆಯೇ, ಒಂದು ಲೇಪವನ್ನು ತರಿಸಿ ರಾತ್ರಿ ಹಚ್ಚತೊಡಗಿದಳು. ಎಂಟು ಹತ್ತು ದಿನಗಳಲ್ಲಿ ಮುಖವು ನಿಜವಾಗಿಯೂ ತಿಳಿಯಾಯಿತು. ನಾವೆಲ್ಲರೂ ಹೊಗಳಿದೆವು. ಬಾಣಂತಿಯ ಪಥ್ಯದ ಮಹಿಮೆಯೆಂದು ನಮ್ಮ ಮನೆಯಾಕೆಯೂ, ಮನಶ್ಶಾಂತಿಯ ಮಹಿಮೆಯೆಂದು ನಾವೂ ಹೇಳಿಕೊಂಡೆವು. ಎರಡು ತಿಂಗಳ ಮೇಲೆ ಲೇಪವು ತೀರಿತು. ಒಂದು ವಾರದೊಳಗೆ ಮುಖವೆಲ್ಲ ಕೆಂಪಾಗಿ, ಮೊಡವೆಯಂತಹ ಗುಳ್ಳೆಗಳೆದ್ದು, ಒಲೆಯ ಮುಂದೆ ನಿಂತರೆ ಉರಿಯುವಷ್ಟಾಯಿತು. ಕೆನ್ನೆಯ ಮೇಲೆ ಸಣ್ಣ ರಕ್ತನಾಳಗಳು ಎಳೆ ಎಳೆಯಾಗಿ ಕಾಣತೊಡಗಿದವು. ಬಂಗಾದರೋ ಮೊದಲಿಗಿಂತ ಕಪ್ಪಾಗಿ ಮರಳಿ ಬಂದಿತು.

ಆಗ ನಾವು ಅವಳನ್ನು ಚರ್ಮವೈದ್ಯರಲ್ಲಿಗೆ ಕರೆದೊಯ್ದೆವು. ಆ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಟ್ಯೂಬನ್ನು ಬೆಳಕಿಗೆ ಹಿಡಿದು ಓದಿ, ಕೂಸಿಗೆ ಹಾಲೂಡುತ್ತಿರುವಿರಾ ಎಂದು ಮೊದಲು ಕೇಳಿದರು. ಮೂರು ದ್ರವ್ಯಗಳ ಮಿಶ್ರಣವದು: ಮೊಮೆಟಾಸೋನ್ ಎಂಬ ಸ್ಟೀರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್. ಕಾಗದ ಬರೆದ ಸೋದರಿಯು ಪ್ರತಿಮಾಡಿ ಕಳುಹಿಸಿರುವ ಹೆಸರುಗಳೂ ಇವೇ ಮೂರು. ಇಂತಹ ಮೂರರ ಕೂಟವನ್ನು 1975ರಲ್ಲಿ ಅಮೆರಿಕದ ಚರ್ಮವೈದ್ಯರು ಬಂಗಿನಂತಹ ಕಪ್ಪುಕಲೆಗಳ ಚಿಕಿತ್ಸೆಗೆಂದು ಪ್ರಕಟಿಸಿದರು. ವೈದ್ಯರ ಕಣ್ಣಿನ ಮುಂದೆ, ಕೆಲವು ವಾರಗಳ ಮಟ್ಟಿಗೆ, ಕಲೆಯ ಮೇಲೆ ಮಾತ್ರ ಹಚ್ಚಿದರೆ ಅದು ಒಳ್ಳೆಯ ಔಷಧವೇ. ಮುಖದ ಕ್ರೀಮಿನಂತೆ ತಿಂಗಳುಗಟ್ಟಲೆ ಬಳಿದುಕೊಂಡರೆ ಸ್ಟೀರಾಯ್ಡಿನಿಂದ ಚರ್ಮವು ಕಾಗದದಂತೆ ತೆಳುವಾಗುವುದು, ಮುಖದ ಮೇಲೆ ಕೂದಲು ಬೆಳೆಯುವುದು, ಬಿಟ್ಟರೆ ಉರಿಯುವುದು. ಉರಿಯನ್ನು ತಾಳದೆ ಮತ್ತೆ ಹಚ್ಚುವರು. ಹೀಗೆ ಅದು ಒಂದು ಚಟವೇ ಆಗಿಬಿಡುವುದು. ಹೈಡ್ರೋಕ್ವಿನೋನನ್ನು ಅತಿಯಾಗಿ, ವರ್ಷಗಟ್ಟಲೆ ಬಳಸಿದರೆ ಚರ್ಮದಲ್ಲಿ ನೀಲಿಗಪ್ಪು ಬಣ್ಣವು ಕೂರುವುದುಂಟು. ಅದನ್ನು ತೆಗೆಯುವುದು ಬಹು ಕಷ್ಟ. 2018ರಲ್ಲಿ ಭಾರತ ಸರಕಾರವು ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡುಗಳನ್ನು ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ಅಂಗಡಿಯಲ್ಲಿ ದೊರೆಯುವುದೆಂಬುದಕ್ಕೆ ನಮ್ಮ ಮಗಳೇ ಸಾಕ್ಷಿ.

ಹೆಸರುವಾಸಿಯಲ್ಲದ, ದ್ರವ್ಯಗಳ ಪಟ್ಟಿಯೇ ಇಲ್ಲದ ಕ್ರೀಮುಗಳ ಕತೆ ಇದಕ್ಕಿಂತಲೂ ಕೆಟ್ಟದು. ಅವುಗಳಲ್ಲಿ ಪಾದರಸವು ಇರುವುದುಂಟು. ಪಾದರಸವು ಬಣ್ಣದ ತಯಾರಿಕೆಯನ್ನು ತಡೆಯುವುದು ನಿಜ. ಚರ್ಮದ ಮೂಲಕ ಒಳಹೊಕ್ಕು ಮೂತ್ರಪಿಂಡಗಳನ್ನು ಕೆಡಿಸುವುದೂ ನಿಜ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರ ಸುಮಾರಿಗೆ ಮೂತ್ರಪಿಂಡದ ರೋಗದಿಂದ ಬಂದ ಹಲವರು ಇಂತಹ ಬಿಳುಪಿನ ಕ್ರೀಮುಗಳನ್ನು ಹಚ್ಚುತ್ತಿದ್ದವರೆಂದು ಅಲ್ಲಿನ ವೈದ್ಯರು ಕಂಡುಕೊಂಡರು.

ಆ ಡಾಕ್ಟರು ಹೇಳಿದ ಒಂದು ಮಾತು ನಮ್ಮ ನೆನಪಿನಲ್ಲಿ ನಿಂತಿದೆ. “ಮೇಷ್ಟ್ರೇ, ನಮ್ಮ ಚರ್ಮಕ್ಕೆ ಗೊತ್ತಿರುವ ಉತ್ತರ ಒಂದೇ. ಸುಟ್ಟರೂ ಕಪ್ಪಾಗುತ್ತದೆ, ತಿಕ್ಕಿದರೂ ಕಪ್ಪಾಗುತ್ತದೆ, ಕೆರೆದರೂ ಕಪ್ಪಾಗುತ್ತದೆ. ಅದನ್ನು ಕೆಣಕದೆ ಇರುವುದೇ ಅರ್ಧ ಚಿಕಿತ್ಸೆ.” ಬಂಗಿಗೆ ಮಾತ್ರವಲ್ಲ, ಮೊಡವೆ ಆರಿದ ಮೇಲಣ ಕಲೆ, ಸೊಳ್ಳೆ ಕಡಿದಲ್ಲಿ ಕೆರೆದ ಕಲೆ, ಒಗ್ಗರಣೆ ಸಿಡಿದ ಕಲೆ, ಎಲ್ಲಕ್ಕೂ ಇದು ಸಲ್ಲುವುದು. ಹೀರೆಕಾಯಿಯ ನಾರಿನಿಂದಲೋ ನೈಲಾನಿನ ಬಲೆಯಿಂದಲೋ ಮೈಯನ್ನು ದಿನವೂ ಬಲವಾಗಿ ತಿಕ್ಕುವವರಿಗೆ ಮೂಳೆ ಎದ್ದಿರುವ ಕಡೆಯೆಲ್ಲ ಕಪ್ಪು ಹಿಡಿಯುವುದುಂಟು. ಕೊಳೆಯೆಂದು ಅವರು ಇನ್ನಷ್ಟು ತಿಕ್ಕುವರು. ವ್ಯಂಗಕ್ಕೆ ಸಮುದ್ರಫೇನದಿಂದ ಉಜ್ಜಿ ಲೇಪ ಹಾಕುವ ವಿಧಿಯು ಹಳೆಯ ಗ್ರಂಥದಲ್ಲಿ ಉಂಟು. ಈ ಒಂದು ವಿಷಯದಲ್ಲಿ ನಾವು ಆಚಾರ್ಯರನ್ನು ಬಿಟ್ಟು ಆ ಹೆಣ್ಣುಮಗಳ ಪಕ್ಷವನ್ನು ಹಿಡಿದಿರುವೆವು.

ಮಿಕ್ಕ ಅರ್ಧ ಚಿಕಿತ್ಸೆಯಲ್ಲಿ ಬಹುಭಾಗವು ನೆರಳು. ಕೊಡೆ, ತಲೆಯ ಮೇಲೆ ಸೆರಗು, ಮಧ್ಯಾಹ್ನದ ಹೊತ್ತಿನ ಕೆಲಸವನ್ನು ಸಂಜೆಗೆ ಇಟ್ಟುಕೊಳ್ಳುವುದು, ಇವಕ್ಕೆ ಖರ್ಚಿಲ್ಲ. ಇದರ ಮೇಲೆ ಸನ್‌ಸ್ಕ್ರೀನ್ ಎಂದು ಮಾರುವ ಲೇಪ. ಎಸ್.ಪಿ.ಎಫ್. 30 ಅಥವಾ ಅದಕ್ಕೆ ಮೇಲ್ಪಟ್ಟುದನ್ನು ಕೊಳ್ಳತಕ್ಕದ್ದು. ಕಡಲೆಕಾಳಿನಷ್ಟು ಸವರಿದರೆ ಪ್ರಯೋಜನವಿಲ್ಲ. ತೋರುಬೆರಳು ನಡುಬೆರಳುಗಳೆರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದಷ್ಟು ಮುಖಕ್ಕೂ ಕತ್ತಿಗೂ ಬೇಕು. ಹೊರಗೆ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮೋಡವಿದ್ದ ದಿನವೂ, ಬಸ್ಸಿನ ಗಾಜಿನ ಒಳಗೆ ಕುಳಿತಾಗಲೂ ಬಂಗನ್ನು ಕೆರಳಿಸುವ ಕಿರಣಗಳು ಬರುತ್ತಲೇ ಇರುವುವು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುವುದರಿಂದ, ಕಬ್ಬಿಣದ ಆಕ್ಸೈಡ್ ಬೆರೆತ, ಮೈಬಣ್ಣದ ಲೇಪವು ಬಿಳಿಯದಕ್ಕಿಂತ ಮೇಲೆಂದು ವೈದ್ಯರ ಅಭಿಪ್ರಾಯ. ಗೋಡೆಗೆ ಬಳಿಯುವ ಕಾವಿಯ ಕೆಂಪೂ ಅದೇ ದ್ರವ್ಯದ್ದೆಂದು ನಾವು ಹೇಳಲು ಹೊರಟಾಗ ನಮ್ಮ ಮಗಳು, “ಅಪ್ಪಾ, ಕಾವಿ ಹಚ್ಚೆಂದು ಮಾತ್ರ ಬರೆಯಬೇಡಿ” ಎಂದು ತಡೆದಳು. ಹಚ್ಚಬಾರದೆಂದು ಸ್ಪಷ್ಟವಾಗಿ ಬರೆದಿರುವೆವು.

ಕಡಲೆಹಿಟ್ಟು, ಮೊಸರು, ಅಪ್ಪಟ ಅರಿಸಿನ, ಇವು ಉರಿಯದಿದ್ದರೆ ಬಾಧಕವಿಲ್ಲ. ಬಂಗನ್ನು ತೆಗೆಯುವುವೆಂದು ನಂಬಬೇಕಾಗಿಲ್ಲ. ನಿಂಬೆ, ಅಡಿಗೆಯ ಸೋಡಾ, ಟೂತ್‌ಪೇಸ್ಟು ಮುಖದ ಹತ್ತಿರ ಬರಕೂಡದು. ಹಣೆಯಲ್ಲಿ ಕುಂಕುಮವಿಡುವ ಜಾಗದಲ್ಲಿಯೇ ತುರಿಕೆಯೂ ಕಪ್ಪೂ ಕಾಣಿಸಿದರೆ, ಅಂಗಡಿಯ ಕುಂಕುಮದಲ್ಲಿ ಬೆರೆಸಿದ ಬಣ್ಣವನ್ನೂ, ಕೂದಲಿನ ಅಂಚಿನಲ್ಲಿ ಕಾಣಿಸಿದರೆ ತಲೆಗೆ ಹಚ್ಚುವ ಕಪ್ಪುಬಣ್ಣವನ್ನೂ ಶಂಕಿಸತಕ್ಕದ್ದು.

ಇಲ್ಲಿ ಒಂದು ಉಪಕಥೆಗೆ ವಾಚಕರ ಅನುಮತಿಯನ್ನು ಬೇಡುವೆವು. ನಾವು ಪಾಠಶಾಲೆಯಲ್ಲಿದ್ದಾಗ ಏಳನೆಯ ತರಗತಿಯ ಒಬ್ಬ ಸ್ಥೂಲಕಾಯದ ಹುಡುಗನ ಕತ್ತಿನ ಹಿಂಭಾಗವು ಮಖಮಲ್ಲಿನಂತೆ ದಪ್ಪನಾಗಿ ಕಪ್ಪಾಗಿತ್ತು. ಎಲ್ಲರೆದುರಿಗೆ ಅವನನ್ನು ನಿಲ್ಲಿಸಿ, ಮನೆಗೆ ಹೋಗಿ ಕತ್ತು ತೊಳೆದುಕೊಂಡು ಬಾ ಎಂದು ಕಳುಹಿಸಿದೆವು. ಮರುದಿನ ಅವನು ಬಂದಾಗ ಕತ್ತು ತಿಕ್ಕಿ ತಿಕ್ಕಿ ರಕ್ತ ಜಿನುಗುತ್ತಿತ್ತು. ಕಪ್ಪು ಹಾಗೆಯೇ ಇತ್ತು. ಕತ್ತಿನಲ್ಲಿಯೂ ಕಂಕುಳಲ್ಲಿಯೂ ಹೀಗೆ ಕಾಣುವ ಕಪ್ಪು, ಮೈಯಲ್ಲಿ ಇನ್‌ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬುದರ, ಮುಂದೆ ಸಿಹಿಮೂತ್ರರೋಗ ಬರಬಹುದೆಂಬುದರ ಗುರುತೆಂದು ಡಾಕ್ಟರ ಕೋಣೆಯ ಗೋಡೆಯ ಚಿತ್ರದಿಂದ ನಮಗೆ ತಿಳಿಯಿತು. ಆ ಹುಡುಗನಿಗೆ ಬೇಕಾಗಿದ್ದುದು ಸಾಬೂನಲ್ಲ. ರಕ್ತಪರೀಕ್ಷೆ, ಆಹಾರದಲ್ಲಿ ಹಿಡಿತ, ಆಟದ ಬಯಲು. ಅವನೀಗ ಎಲ್ಲಿರುವನೋ ತಿಳಿಯದು. ಈ ಸಾಲುಗಳು ಅವನ ಕಣ್ಣಿಗೆ ಬೀಳಲೆಂದು ಹಾರೈಸುವೆವು.

ಚರ್ಮದ ಬಣ್ಣವು ಒಳಗಿನ ಸುದ್ದಿಯನ್ನು ಹೇಳುವುದು ಇದೊಂದೇ ಸಲವಲ್ಲ. ಹಾಲು ಮೊಸರನ್ನೂ ಹೆಚ್ಚಾಗಿ ಉಣ್ಣದ ಶಾಕಾಹಾರಿಗಳಲ್ಲಿ ಬಿ-12 ಜೀವಸತ್ವವು ಸಾಲದೆ ಬೆರಳಗೆಣ್ಣುಗಳು ಕಪ್ಪಾಗುವುದುಂಟು. ಕೊರತೆಯನ್ನು ತುಂಬಿದರೆ ತಿಳಿಯಾಗುವುವು. ಮೈಯೆಲ್ಲ, ಅಂಗೈಯ ಗೆರೆಗಳೂ ಒಸಡೂ ಕೂಡ ಕಪ್ಪಾಗುತ್ತ, ಆಯಾಸ ಹೆಚ್ಚಿ, ತೂಕ ಇಳಿಯುತ್ತಿದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ಬಣ್ಣ ಮಾಸಿದ ಮಚ್ಚೆಯಲ್ಲಿ ಸ್ಪರ್ಶವು ತಿಳಿಯದಿದ್ದರೂ, ಅಂಗಾಲಿನಲ್ಲಿಯೋ ಉಗುರಿನ ಕೆಳಗೋ ಹೊಸ ಕಪ್ಪುಮಚ್ಚೆ ಬೆಳೆಯುತ್ತಿದ್ದರೂ ಹಾಗೆಯೇ.

ಇನ್ನು ಹುಟ್ಟುಬಣ್ಣದ ಮಾತು. ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಶರೀರದ ಪ್ರಕೃತಿವರ್ಣಗಳನ್ನು ಎಣಿಸುವಾಗ ಕೃಷ್ಣವರ್ಣವನ್ನೂ ಶ್ಯಾಮವನ್ನೂ ಗೌರದ ಪಂಕ್ತಿಯಲ್ಲಿಯೇ ಕೂರಿಸಿದೆ. ರೋಗದಿಂದ ಬರುವ ವಿಕೃತವರ್ಣಗಳ ಪಟ್ಟಿಯು ಬೇರೆಯೇ ಇದೆ. ಕಪ್ಪಗೆ ಹುಟ್ಟಿದವರು ರೋಗಿಗಳಲ್ಲ. ಒಂದೇ ಮುಖದಲ್ಲಿ ಒಂದು ಕಡೆಯ ಬಣ್ಣವು ಇನ್ನೊಂದು ಕಡೆಗೆ ಹೊಂದದಿದ್ದರೆ ಅದನ್ನು ಹೊಂದಿಸಲು ವೈದ್ಯರಿರುವರು. ಮುಖದ ಬಣ್ಣವನ್ನೇ ಪಕ್ಕದ ಮನೆಯವಳ ಬಣ್ಣಕ್ಕೆ ಹೊಂದಿಸಲು ಹೊರಟವರಿಗೆ ವ್ಯಾಪಾರಿಗಳು ಮಾತ್ರ ಇರುವರು.

ನಮ್ಮ ಮಗಳ ಮುಖಕ್ಕೆ ಒಂದು ವರ್ಷ ಹಿಡಿಯಿತು. ಮೊದಲ ನಾಲ್ಕು ತಿಂಗಳು ಉರಿಯನ್ನು ಶಮನಮಾಡುವುದರಲ್ಲಿಯೇ ಕಳೆದವು. ಬಳಿಕ ಅಜೆಲಾಯಿಕ್ ಆಮ್ಲದ ಲೇಪ, ಸನ್‌ಸ್ಕ್ರೀನ್, ಕೊಡೆ. ಹೊರಚರ್ಮವು ಹೊಸದಾಗಲು ಒಂದು ತಿಂಗಳ ಮೇಲೆ ಹಿಡಿಯುವುದರಿಂದ, ಎರಡು ಮೂರು ತಿಂಗಳೊಳಗೆ ಯಾವ ಗುಣವನ್ನೂ ಅಳೆಯಬಾರದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಈಗ ಎಡಗೆನ್ನೆಯ ಮೇಲೆ ತೆಳುವಾದ ನೆರಳೊಂದು ಉಳಿದಿದೆ. ಬೇಸಗೆಯಲ್ಲಿ ಅದು ಸ್ವಲ್ಪ ಗಾಢವಾಗುವುದು, ಮತ್ತೆ ಮಾಸುವುದು.

ಆದುದರಿಂದ ಕಾಗದ ಬರೆದ ಸೋದರಿಗೆ ನಮ್ಮ ಉತ್ತರವಿದು. ಮಾಘಕ್ಕೆ ಇನ್ನೂ ಐದು ತಿಂಗಳಿದೆ. ಇಂದಿನಿಂದಲೇ ಚರ್ಮವೈದ್ಯರನ್ನು ಕಂಡು ಪ್ರಾರಂಭಿಸಿದರೆ ಕಲೆಯು ಎಷ್ಟೋ ತಿಳಿಯಾಗಬಹುದು. ಪೂರ್ಣವಾಗಿ ಹೋಗುವುದೆಂದು ಮಾತು ಕೊಡುವವರನ್ನು ನಂಬಬೇಡಿ. ಮಗಳು ಬೇರೆ ಯಾವುದಾದರೂ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಲಗ್ನದ ಹಿಂದಿನ ವಾರಗಳಲ್ಲಿ ಬ್ಲೀಚು, ಹೊಸ ಹೊಸ ಫೇಶಿಯಲ್ಲುಗಳು ಬೇಡ. ಅರಿಸಿನದ ಶಾಸ್ತ್ರವನ್ನು ಧಾರಾಳವಾಗಿ ಮಾಡಿರಿ. ವರನೂ ಅವನ ತಾಯಿಯೂ ಎರಡು ಸಲ ಮನೆಗೆ ಬಂದು, ಹುಡುಗಿಯನ್ನು ಹಗಲು ಬೆಳಕಿನಲ್ಲಿ ನೋಡಿಯೇ ಒಪ್ಪಿದರೆಂದು ನೀವೇ ಬರೆದಿರುವಿರಿ. ಹಾಗಾದರೆ ಈ ಎಂಟು ದಿನಗಳ ಅವಸರವು ಯಾರಿಗಾಗಿ ಎಂಬುದನ್ನು ಮನೆಯಲ್ಲಿ ಒಮ್ಮೆ ಕೇಳಿ ನೋಡಬಹುದು. ಮಗಳು ಆ ಲೇಪವನ್ನು ಇನ್ನೂ ಹಚ್ಚಿಲ್ಲದಿದ್ದರೆ ಹಚ್ಚುವುದು ಬೇಡ. ಈಗಾಗಲೇ ಕೆಲವು ವಾರಗಳಿಂದ ಹಚ್ಚುತ್ತಿದ್ದರೆ ಒಮ್ಮೆಗೇ ನಿಲ್ಲಿಸುವುದೂ ಬೇಡ, ಮುಖವು ಉರಿದೇಳಬಹುದು, ಹೇಗೆ ಬಿಡಬೇಕೆಂಬುದನ್ನು ಈ ವಾರದಲ್ಲಿಯೇ ವೈದ್ಯರಲ್ಲಿ ಕೇಳತಕ್ಕದ್ದು. ಹೋಗುವಾಗ ಆ ಟ್ಯೂಬನ್ನು ಮರೆಯದೆ ಕೈಚೀಲದಲ್ಲಿ ಇಟ್ಟುಕೊಂಡು ಹೋಗಿರಿ.